ನಾಳೆಯ ಮಂಗಳೂರನ್ನು ತೋಡಿನಿಂದ ಶುರು ಮಾಡುವ

ಬಾವುಟಗುಡ್ಡೆಯಲ್ಲೋ ಕದ್ರಿ ಕಡೆಯ ಯಾವುದಾದ್ರೂ ಎತ್ತರದ ಫ್ಲಾಟಿನ ಟೆರೇಸಿನಲ್ಲೋ ನಿಂತು ನಮ್ಮ ಊರನ್ನು ಒಮ್ಮೆ ನೋಡಿ. ನಾನು ಸಣ್ಣವನಿರುವಾಗ ಹಾಗೆ ನೋಡಿದ್ರೆ ತೆಂಗಿನ ಮರಗಳ ಎಡೆಯಲ್ಲಿ ಕೆಂಪು ಹಂಚಿನ ಮಾಡು ಕಾಣ್ತಿತ್ತು, ಈಗ ಕಾಣುದು ಶೀಟು. ನೀಲಿ ಶೀಟು, ಹಸಿರು ಶೀಟು, ಹಂಚಿನ ಬಣ್ಣದ್ದೇ ಶೀಟು. ಆರ್‌ಸಿಸಿ ಟೆರೇಸ್ ಮನೆಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಅದರ ಮೇಲೆ ಇನ್ನೊಂದು ಮಾಡು. ಹೊರಗಿನಿಂದ ಬಂದ ನೆಂಟರು ಕೇಳ್ತಾರೆ, ಇದೆಂತ ಒಂದೇ ಮನೆಗೆ ಎರಡೆರಡು ಮಾಡು ಅಂತ. ನಮ್ಮ ಮನೆಯಲ್ಲೂ ಅದೇ ಆದದ್ದು. ಅಪ್ಪ ಹಂಚಿನ ಮನೆ ಬಿಚ್ಚಿಸಿ ಟೆರೇಸ್ ಮನೆ ಕಟ್ಟಿಸಿದ್ರು, ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಚಾವಡಿಯ ಮೂಲೆಯಲ್ಲಿ ಕಪ್ಪು ಕಲೆ ಕಾಣಿಸಿತು, ಮತ್ತೆ ಫ್ಯಾನಿನ ಹುಕ್ಕಿನಿಂದ ನೀರು ತೊಟ್ಟಿಕ್ಕಲಿಕ್ಕೆ ಶುರುವಾಯಿತು, ವಾಟರ್‌ಪ್ರೂಫಿಂಗ್ ಅಂತ ಎರಡು ಸಲ ಖರ್ಚು ಮಾಡಿ ಆಯಿತು, ಕಡೆಗೆ ಶೀಟು ಹಾಕಿಸಿದ್ರು. ನಿಮ್ಮಲ್ಲಿ ಎಷ್ಟು ಜನರ ಮನೆಯ ಕಥೆ ಇದು ಅಂತ ಕೇಳಿದ್ರೆ ಅರ್ಧ ಹಾಲ್ ಕೈ ಎತ್ತಬಹುದು.

ಈ ಸಭೆಯಲ್ಲಿ ಮಾತಾಡ್ಲಿಕ್ಕೆ ಭವಿಷ್ಯದ ನಗರ, ತಂತ್ರಜ್ಞಾನದ ನಗರ ಅಂತ ವಿಷಯ ಕೊಟ್ಟದ್ದಕ್ಕೆ ನಾನು ಶೀಟಿನಿಂದ ಯಾಕೆ ಶುರು ಮಾಡಿದೆ ಅಂದ್ರೆ, ನಗರ ವಿನ್ಯಾಸದ ಇಡೀ ಪಾಠ ಅದರಲ್ಲಿ ಉಂಟು. ಬೆಂಗಳೂರಿಗೆ ಇಡೀ ವರ್ಷ ಬರುವಷ್ಟು ಮಳೆ ನಮಗೆ ಹೆಚ್ಚುಕಮ್ಮಿ ಜುಲೈ ಒಂದೇ ತಿಂಗಳಲ್ಲಿ ಬೀಳ್ತದೆ. ಸಮತಟ್ಟು ಟೆರೇಸು ಕಡಿಮೆ ಮಳೆಯ ಊರಿಗೆ ಒಳ್ಳೆಯ ಡಿಸೈನು, ಅದನ್ನು ನಾವು ಹಾಗೆಯೇ ಎತ್ತಿಕೊಂಡು ಬಂದು ಇಲ್ಲಿ ಕೂರಿಸಿದೆವು, ಎರಡು ಸಲ ದುಡ್ಡು ಕೊಟ್ಟೆವು.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುದಲ್ಲ, ಇದನ್ನು ಸರಿಯಾಗಿ ಕೇಳಬೇಕು. ನಮ್ಮ ಹೆಸರಿನಲ್ಲೇ ಪ್ರಪಂಚಕ್ಕೆ ಗೊತ್ತಿರುವ ಮಂಗಳೂರು ಹಂಚು ಸಹ ಹೊರಗಿನ ತಂತ್ರಜ್ಞಾನವೇ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನ ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಆದ್ರೆ ಮಣ್ಣು ಎಲ್ಲಿಯದ್ದು? ನೇತ್ರಾವತಿ, ಗುರುಪುರ ಹೊಳೆಯ ದಡದ ಆವೆಮಣ್ಣು. ಇಳಿಜಾರು ಯಾವುದಕ್ಕೆ? ನಮ್ಮ ಮಳೆಗೆ. ಹಂಚಿನ ಸಂದಿನಿಂದ ಬಿಸಿ ಗಾಳಿ ಹೊರಗೆ ಹೋಗ್ತದೆ, ಒಂದು ಹಂಚು ಒಡೆದ್ರೆ ಮನೆಯವರೇ ಏಣಿ ಇಟ್ಟು ಬದಲಿಸ್ತಾರೆ. ಈ ಮಣ್ಣು, ಈ ಮಳೆ, ಇಲ್ಲಿಯವರ ಕೈ, ಮೂರೂ ಒಟ್ಟಿಗೆ ಕೂಡಿಬಂದದ್ದರಿಂದ ಆ ತಂತ್ರಜ್ಞಾನ ನೂರೈವತ್ತು ವರ್ಷ ಬಾಳಿತು. ಸೆನ್ಸರ್ ಆಗಲಿ, ಆ್ಯಪ್ ಆಗಲಿ, ಇಲೆಕ್ಟ್ರಿಕ್ ಬಸ್ ಆಗಲಿ, ನಾನು ಅದನ್ನು ನೋಡುದು ಈ ಹಂಚಿನ ಲೆಕ್ಕದಲ್ಲಿ.

ಈಗ ಸ್ವಲ್ಪ ಲೆಕ್ಕ ಮಾಡುವ, ಸುಲಭದ್ದು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಡು ಅಂದ್ರೆ ಸುಮಾರು 93 ಚದರ ಮೀಟರ್. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್ ಅಂತ ಇಟ್ಟುಕೊಂಡ್ರೂ ಆ ಒಂದು ಮಾಡಿನ ಮೇಲೆ ಮೂರು ಕಾಲು ಲಕ್ಷ ಲೀಟರ್ ನೀರು ಬೀಳ್ತದೆ. ಉಡುಪಿಯವರಿಗೆ ಇನ್ನೂ ಹೆಚ್ಚು. ಪೇಟೆಯಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ಸರ್ಕಾರದ ಲೆಕ್ಕ, ಹಾಗಾದ್ರೆ ಐದು ಜನರ ಮನೆಗೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಲೀಟರ್. ಅಂದ್ರೆ ನಿಮ್ಮ ಮನೆಗೆ ಇಡೀ ವರ್ಷಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ನೀರು ನಿಮ್ಮ ಮಾಡಿನ ಮೇಲೆಯೇ ಬಿದ್ದು ಅಂಗಳ ದಾಟಿ ಚರಂಡಿಗೆ ಹೋಗಿ ಸಮುದ್ರ ಸೇರ್ತಾ ಉಂಟು. ಮತ್ತೆ ಮೇ ತಿಂಗಳಲ್ಲಿ ನಾವೇ ಟ್ಯಾಂಕರ್‌ಗೆ ಫೋನ್ ಮಾಡುದು.

2016ರಲ್ಲಿ, ಮತ್ತೆ 2019ರಲ್ಲಿ ತುಂಬೆ ಡ್ಯಾಮಿನಲ್ಲಿ ನೀರು ಇಳಿದು ಮಂಗಳೂರಿಗೆ ರೇಷನ್ ಮಾಡಿ ನೀರು ಬಿಟ್ಟದ್ದು ನಿಮಗೆ ನೆನಪಿರಬಹುದು. 2019ರಲ್ಲಿ ಉಡುಪಿಯಲ್ಲಿ ಸ್ವರ್ಣಾ ಹೊಳೆಯ ಬಜೆ ಡ್ಯಾಮಿನ ಅವಸ್ಥೆ ಅದೇ. ಆ ವರ್ಷ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಎದ್ದು ನೋಡಿದ್ರೆ ಡಾಮರಿನ ಮೇಲೆ ಒಂದು ಒದ್ದೆ ಗೆರೆ ಇರ್ತಿತ್ತು, ಟ್ಯಾಂಕರಿನ ವಾಲ್ವಿನಿಂದ ಸೋರಿದ್ದು. ಯಾರ ಮನೆಯ ಗೇಟಿನ ಹತ್ತಿರ ಆ ಗೆರೆ ನಿಂತು ಕೆರೆ ಹಾಗೆ ಆಗಿದೆಯೋ ಅವರ ಬಾವಿ ಬತ್ತಿದೆ ಅಂತ ಅರ್ಥ. ಏಪ್ರಿಲ್ ಕೊನೆಗೆ ಎರಡು ಮನೆ, ಮೇ ಹದಿನೈದಕ್ಕೆ ಇಡೀ ರಸ್ತೆ.

ಯಾಕೆ ಹೀಗೆ? ನಮ್ಮ ಗುಡ್ಡೆಗಳೆಲ್ಲ ಮುರಕಲ್ಲು. ತೂತು ತೂತಿನ ಕಲ್ಲು, ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗೆ ಬಿಟ್ಟುಬಿಡ್ತದೆ. ಮಳೆ ಬರುದು ನಾಲ್ಕು ತಿಂಗಳು, ಬೇಕಾದದ್ದು ಹನ್ನೆರಡು ತಿಂಗಳು. ಹಾಗಾಗಿ ಇಲ್ಲಿ ಊರು ಕಟ್ಟುದು ಅಂದ್ರೆ ನೀರಿನ ಓಟವನ್ನು ನಿಧಾನ ಮಾಡುದು. ಹಿಂದಿನವರು ಮಾಡಿದ್ದು ಅದನ್ನೇ. ಗುಡ್ಡೆಯ ಇಳಿಜಾರಿನಲ್ಲಿ ಒಂದೇ ಬದಿಗೆ ಏರಿ ಹಾಕಿ ಮದಕ ಮಾಡಿದ್ರು, ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದ್ರು, ಮಳೆ ಬಿಟ್ಟ ಮೇಲೆ ತೋಡಿಗೆ, ಅಂದ್ರೆ ಮಳೆ ನೀರು ಹರಿಯುವ ಹಳ್ಳಕ್ಕೆ, ಮಣ್ಣು ಸೊಪ್ಪು ಅಡಿಕೆ ಮರದ ಕಾಂಡ ಹಾಕಿ ಕಟ್ಟ ಕಟ್ಟಿದ್ರು, ಗುಡ್ಡೆಗಳ ನಡುವಿನ ತಗ್ಗು ಬೈಲಿನಲ್ಲಿ ಗದ್ದೆ ಇಟ್ರು. ಗದ್ದೆ ಅಂದ್ರೆ ನಮಗೆ ಅಕ್ಕಿ ಮಾತ್ರ ನೆನಪಾಗುದು. ಒಂದು ಎಕರೆ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತ್ರೆ ಆರು ಲಕ್ಷ ಲೀಟರ್, ಆರು ಸಾವಿರ ಲೀಟರಿನ ಟ್ಯಾಂಕರ್ ನೂರು! ಆ ಗದ್ದೆಯನ್ನು ಕನ್ವರ್ಷನ್ ಮಾಡಿಸಿ, ಮಣ್ಣು ಹಾಕಿ ಎತ್ತರಿಸಿ, ಮನೆಗೆ ಪಂಚಾಂಗ ಹಾಕುವಾಗ ಆ ನೂರು ಟ್ಯಾಂಕರ್ ನೀರು ಎಲ್ಲಿಗೆ ಹೋಗ್ಬೇಕು ಅಂತ ಯಾವ ಪ್ಲಾನಿನಲ್ಲಿಯೂ ಬರೆದಿರುದಿಲ್ಲ. ಅದು ಪಕ್ಕದ ಮನೆಗೆ ಹೋಗ್ತದೆ.

ನಮ್ಮ ಊರಿನ ನಕ್ಷೆ ನಮ್ಮ ಊರಿನ ಹೆಸರಲ್ಲೇ ಉಂಟು. ಪದವಿನಂಗಡಿ ಅಂದ್ರೆ ಪದವು, ಎತ್ತರದ ಬಯಲು. ಗುಜ್ಜರಕೆರೆ, ಎಮ್ಮೆಕೆರೆ. ಬೆಂದೂರ್‌ವೆಲ್, ಪಂಪ್‌ವೆಲ್, ಎರಡರಲ್ಲೂ ಬಾವಿ. ನೀರುಮಾರ್ಗ, ಇದಕ್ಕೆ ಅರ್ಥ ಹೇಳುದೇ ಬೇಡ. 2021ರಲ್ಲಿ ಹಂಪನಕಟ್ಟೆ ಜಂಕ್ಷನ್‌ನಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆಯುವಾಗ ಒಳಗೆ ಕಲ್ಲು ಕಟ್ಟಿದ ಹಳೇ ಬಾವಿ ಸಿಕ್ಕಿತು. ಅದನ್ನು ಮುಚ್ಚುದು ಬೇಡ, ಉಳಿಸಬೇಕು ಅಂತ ಜನ ಹೇಳಿದ್ರು. ಅಪ್ಪಣ್ಣ ಅಂತ ಒಬ್ಬರು ದಾರಿಹೋಕರಿಗೆ ಕಟ್ಟೆಯಲ್ಲಿ ಕೂತು ನೀರು ಕೊಡ್ತಿದ್ರು, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯ್ತು ಅಂತ ಹಿರಿಯರು ಹೇಳುದನ್ನು ನಾವೆಲ್ಲ ಕೇಳಿದ್ದೇವೆ. ಅಷ್ಟು ವರ್ಷ ಅದರ ಮೇಲೆ ಬಸ್ಸು ಓಡ್ತಿತ್ತು, ಕೆಳಗೆ ಬಾವಿ ಇತ್ತು. ನನಗೆ ಆ ಫೋಟೋ ನೋಡಿ ಮೈ ಜುಂ ಅಂತು.

2018ರ ಮೇ 29 ನಿಮಗೆ ಗೊತ್ತುಂಟು. ಮಳೆಗಾಲ ಸರಿಯಾಗಿ ಹಿಡಿಯುವ ಮೊದಲೇ ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿ, ಕುದ್ರೋಳಿ, ಪಂಪ್‌ವೆಲ್ ಎಲ್ಲ ನೀರಿನಲ್ಲಿ. ಶಾಲೆಗೆ ಹೋದ ಮಕ್ಕಳು ಮನೆಗೆ ಬರ್ಲಿಕ್ಕೆ ಆಗದೆ ತಂದೆ ತಾಯಿ ಒದ್ದಾಡಿದ್ದು. ಎರಡು ವರ್ಷ ಕಳೆದು 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಗೆ ಅದೇ ಆಯಿತು, ಪೇಟೆಯ ನಡುವೆ ಇಂದ್ರಾಣಿ ಹೊಳೆ ತನ್ನ ಜಾಗ ಹುಡುಕ್ಕೊಂಡು ಬಂತು.

2018ರ ನಂತರ ನಾನು ಕೆಲವು ವಿದ್ಯಾರ್ಥಿಗಳನ್ನು ಕರ್ಕೊಂಡು ಒಂದು ತೋಡಿನ ಉದ್ದಕ್ಕೂ ನಡೆದೆ, ಗುಡ್ಡೆಯಿಂದ ಹೊಳೆಯವರೆಗೆ. ಮೇಲೆ ತೆಂಗಿನ ತೋಟದ ಬದಿಯಲ್ಲಿ ಇಬ್ಬರು ಹುಡುಗರು ಕೈ ಕೈ ಹಿಡಿದು ಚಾಚಿದ್ರೂ ಆಚೆ ದಡ ಮುಟ್ಟುದಿಲ್ಲ, ಅಷ್ಟು ಅಗಲ. ಕೆಳಗೆ ಬರ್ತಾ ಬರ್ತಾ ಎರಡು ಕಡೆ ಕಾಂಕ್ರೀಟ್ ಗೋಡೆ ಎದ್ದಿತು, ಹೊಳೆಗೆ ಹತ್ತಿರ ಬಂದಾಗ ಒಬ್ಬಳೇ ಹುಡುಗಿ ನಡುವೆ ನಿಂತು ಎರಡೂ ಗೋಡೆಗೆ ಅಂಗೈ ಇಟ್ಟಳು. ಯೋಚನೆ ಮಾಡಿ, ನೀರು ಕೆಳಗೆ ಬಂದ ಹಾಗೆ ಹೆಚ್ಚಾಗ್ತದೆ, ತೋಡು ಕೆಳಗೆ ಬಂದ ಹಾಗೆ ಸಪೂರ ಆಗಿದೆ. ಮೋರಿಯ ಅಡಿಯಲ್ಲಿ ನೋಡಿದ್ರೆ ಒಂದು ನೀರಿನ ಪೈಪು, ಎರಡು ಕೇಬಲು ಅಡ್ಡ ಹೋಗಿವೆ, ಅದಕ್ಕೆ ಪ್ಲಾಸ್ಟಿಕ್ ಚೀಲ, ಹಳೇ ಬಟ್ಟೆ, ಬೊಂಡದ ಚಿಪ್ಪು ಸಿಕ್ಕಿಹಾಕಿಕೊಂಡು ಕಟ್ಟದ ಹಾಗೆ ಆಗಿದೆ. ಅಲ್ಲಿ ಮನೆಯ ಜಗಲಿಯಲ್ಲಿ ಕೂತಿದ್ದ ಒಬ್ಬರು ಅಜ್ಜ ಹೇಳಿದ್ರು, "ಮಗಾ, ಇದು ನಾವು ಮಳೆಗಾಲದ ಏಣೆಲು ಬೆಳೆ ಮಾಡ್ತಿದ್ದ ಗದ್ದೆ. ನೀರು ಬರುದು ಅದರದ್ದೇ ಜಾಗಕ್ಕೆ, ನಾವು ಮನೆ ಕಟ್ಟಿದ್ದೇವೆ ಅಂತ ಅದಕ್ಕೆ ಯಾರು ಹೇಳ್ಬೇಕು?" ಆ ಅಜ್ಜನ ಚಾವಡಿಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಇತ್ತು, ಸುಣ್ಣ ಹೊಡೆದಿರಲಿಲ್ಲ.

ಪ್ರಪಂಚದಲ್ಲಿ ಬೇರೆಯವರು ಎಂತ ಮಾಡಿದ್ರು ಅಂತ ನೋಡುವ. 2011ರ ಜುಲೈ 2ಕ್ಕೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಎರಡು ಮೂರು ಗಂಟೆಯಲ್ಲಿ 150 ಮಿಲಿಮೀಟರ್ ಹತ್ತಿರ ಮಳೆ ಸುರಿಯಿತು, ಅವರ ಊರಿಗೆ ಅದು ಪ್ರಳಯ. ಮರುವರ್ಷ ಅವರು ಮೇಘಸ್ಫೋಟಕ್ಕೇ ಅಂತ ಒಂದು ಪ್ಲಾನ್ ಮಾಡಿದ್ರು. ಎಲ್ಲ ನೀರನ್ನೂ ನೆಲದಡಿಯ ಪೈಪಿಗೆ ತುಂಬಿಸ್ಲಿಕ್ಕೆ ಹೋಗಲಿಲ್ಲ, ಕೆಲವು ರಸ್ತೆಗಳು ಜೋರು ಮಳೆಗೆ ತೋಡಿನ ಹಾಗೆ ಹರಿಯಲಿ, ಕೆಲವು ಪಾರ್ಕುಗಳು ಕೆರೆಯಾಗಲಿ ಅಂತ ವಿನ್ಯಾಸ ಮಾಡಿದ್ರು. ಎಂಗಹಾವೆಪಾರ್ಕನ್ ಅಂತ ಒಂದು ಹಳೇ ಪಾರ್ಕನ್ನು ತಗ್ಗು ಮಾಡಿ, ಸುತ್ತ ಗೋಡೆ ಎತ್ತರಿಸಿ, ಎರಡು ಕೋಟಿ ಲೀಟರ್‌ಗಿಂತ ಹೆಚ್ಚು ನೀರು ನಿಲ್ಲುವ ಹಾಗೆ ಮಾಡಿದ್ದಾರೆ. ಬಿಸಿಲಿನ ದಿನ ಮಕ್ಕಳು ಅಲ್ಲಿ ಆಡ್ತಾರೆ, ಜೋರು ಮಳೆ ಬಂದ್ರೆ ಅದು ನೀರಿಗೆ. ನಮ್ಮ ಬೈಲು ಇದೇ ಕೆಲಸ ಮಾಡ್ತಿತ್ತು ಅಲ್ವಾ, ಜೊತೆಗೆ ಅಕ್ಕಿಯೂ ಕೊಡ್ತಿತ್ತು.

ಚೀನಾದಲ್ಲಿ ಕಾಂಗ್‌ಜಿಯಾನ್ ಯು ಅಂತ ಒಬ್ಬರು ವಿನ್ಯಾಸಕಾರರು ಇದ್ರು, 2025ರಲ್ಲಿ ಬ್ರೆಜಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ್ರು. ನಗರ ಸ್ಪಂಜಿನ ಹಾಗೆ ನೀರು ಹೀರಬೇಕು ಅಂತ ಅವರು ಹೇಳ್ತಾ ಬಂದದ್ದು, 2015ರಲ್ಲಿ ಅಲ್ಲಿಯ ಸರ್ಕಾರ 16 ನಗರಗಳಲ್ಲಿ ಅದನ್ನು ಶುರು ಮಾಡಿತು. ಆದ್ರೆ ಸ್ಪಂಜ್ ಸಿಟಿಗೆ ತುಂಬಾ ಖರ್ಚು ಮಾಡಿದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ಕ್ಕೆ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಬಂತು, ಮೆಟ್ರೋ ಸುರಂಗಕ್ಕೆ ನೀರು ನುಗ್ಗಿ 14 ಜನ ಸತ್ರು. ಸ್ಪಂಜು ತುಂಬಿದ ಮೇಲೆ ಉಳಿದ ನೀರಿಗೆ ದಾರಿ ಬೇಕೇ ಬೇಕು. ಹೀರುದು, ನಿಲ್ಲಿಸುದು, ದಾರಿ ಬಿಡುದು, ಮೂರೂ ಬೇಕು. ನಮ್ಮಲ್ಲಿ ಮೂರಕ್ಕೂ ಹೆಸರು ಮೊದಲೇ ಉಂಟು: ಗುಡ್ಡೆ, ಬೈಲು, ತೋಡು.

ಸಿಂಗಾಪುರ ಹೇಳದೆ ಆಗುದಿಲ್ಲ. ಅವರಿಗೆ ವರ್ಷಕ್ಕೆ 2,400 ಮಿಲಿಮೀಟರ್ ಮಳೆ, ನಮಗಿಂತ ಎಷ್ಟೋ ಕಮ್ಮಿ. ದೊಡ್ಡ ಹೊಳೆ ಇಲ್ಲ. ಆದ್ರೆ ಊರಿನ ಮೂರರಲ್ಲಿ ಎರಡು ಪಾಲು ನೆಲದ ಮಳೆ ನೀರನ್ನು ಅವರು ಹಿಡಿದು ಜಲಾಶಯಕ್ಕೆ ತರ್ತಾರೆ, ಚರಂಡಿ ಅಂದ್ರೆ ಅವರಿಗೆ ಕುಡಿಯುವ ನೀರಿನ ದಾರಿ, ಹಾಗಾಗಿ ಅದಕ್ಕೆ ಕಸ ಹಾಕುದನ್ನು ಅವರು ಸಹಿಸುದಿಲ್ಲ. ಒಳಚರಂಡಿ ನೀರನ್ನೇ ಶುದ್ಧ ಮಾಡಿ 2003ರಿಂದ ನ್ಯೂವಾಟರ್ ಅಂತ ಕೊಡ್ತಿದ್ದಾರೆ. ನಮ್ಮ ತೋಡಿಗೆ ಡ್ರೈನೇಜಿನ ನೀರು ಬಿಟ್ಟು, ಅದರ ಪಕ್ಕದ ಬಾವಿಗಳೆಲ್ಲ ವಾಸನೆ ಬಂದು, ಮತ್ತೆ ನಲ್ವತ್ತೈವತ್ತು ವರ್ಷ ಬಳಸಿದ ಬಾವಿಗೆ ಕಬ್ಬಿಣದ ಬಾಗಿಲು ಹಾಕಿ ಮುಚ್ಚಿದ ಮನೆಗಳನ್ನು ನಾನು ನೋಡಿದ್ದೇನೆ. ನನಗೆ ಅದಕ್ಕಿಂತ ದುಃಖದ ದೃಶ್ಯ ಬೇರೆ ಇಲ್ಲ.

ಹೊಸದಾಗಿ ಸೊನ್ನೆಯಿಂದ ಕಟ್ಟಿದ ಸ್ಮಾರ್ಟ್ ಸಿಟಿಗಳ ಬಗ್ಗೆ ತುಂಬಾ ಹೇಳುದಿಲ್ಲ. ದಕ್ಷಿಣ ಕೊರಿಯಾದ ಸಾಂಗ್ಡೋದಲ್ಲಿ ಕಸವನ್ನು ನೆಲದಡಿಯ ಪೈಪಿನಲ್ಲಿ ಗಾಳಿಯಿಂದ ಎಳೆದು ಸಾಗಿಸ್ತಾರೆ, ಆದ್ರೆ ಊರು ಕಟ್ಟಿದ್ದು ಸಮುದ್ರದ ಅಳಿವೆಯ ಕೆಸರು ಬಯಲನ್ನು ತುಂಬಿಸಿ. ಕೆನಡಾದ ಟೊರೊಂಟೊದಲ್ಲಿ ಗೂಗಲ್‌ನ ಬಳಗದ ಸೈಡ್‌ವಾಕ್ ಲ್ಯಾಬ್ಸ್ 2017ರಲ್ಲಿ ಸೆನ್ಸರ್ ತುಂಬಿದ ಬಡಾವಣೆ ಕಟ್ತೇವೆ ಅಂತ ಬಂತು, ನಮ್ಮ ಓಡಾಟದ ಲೆಕ್ಕವೆಲ್ಲ ಯಾರ ಕೈಗೆ ಹೋಗುದು ಅಂತ ಜನ ಕೇಳ್ತಾ ಹೋದ್ರು, 2020ರ ಮೇಯಲ್ಲಿ ಯೋಜನೆಯೇ ನಿಂತಿತು. ಜನ ಕೇಳಿದ ಆ ಪ್ರಶ್ನೆ ನಮಗೂ ಬೇಕು.

ನಮ್ಮಲ್ಲಿ ಸ್ಮಾರ್ಟ್ ಸಿಟಿ ಮಿಷನ್ 2015ರ ಜೂನ್‌ನಲ್ಲಿ ಶುರುವಾದದ್ದು, 2016ರ ಸೆಪ್ಟೆಂಬರ್ ಪಟ್ಟಿಯಲ್ಲಿ ಮಂಗಳೂರಿನ ಹೆಸರು ಬಂತು, 2025ರ ಮಾರ್ಚ್‌ಗೆ ಮಿಷನ್ ಮುಗಿಯಿತು. ರಸ್ತೆ, ಫುಟ್‌ಪಾತ್, ದೀಪ, ಗಡಿಯಾರ ಗೋಪುರ, ಕಮಾಂಡ್ ಕಂಟ್ರೋಲ್ ಸೆಂಟರ್ ಆಗಿದೆ. ಫುಟ್‌ಪಾತ್ ಆದದ್ದು ಒಳ್ಳೇದೇ ಆಯ್ತು, ವಯಸ್ಸಾದವರು ಬೆಳಿಗ್ಗೆ ಹೆದರದೆ ನಡೀತಾರೆ. ನನ್ನ ಮಾತು ಇಷ್ಟೇ, ಇನ್ನು ಮುಂದೆ ಹಣ ಬಂದಾಗ ಮೊದಲ ಸೆನ್ಸರ್ ಕಂಬದ ಮೇಲೆ ಹೋಗುದು ಬೇಡ, ಮೋರಿಯ ಅಡಿಗೆ ಹೋಗಲಿ.

ಅದು ಹೇಗೆ ಕೆಲಸ ಮಾಡ್ತದೆ ಅಂತ ಹೇಳ್ತೇನೆ, ಇಲ್ಲಿ ಇಂಜಿನಿಯರಿಂಗ್ ಮಕ್ಕಳು ತುಂಬಾ ಇದ್ದೀರಿ. ಮೋರಿಯ ಅಡಿಯಲ್ಲಿ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕೆಳಗೆ ಮುಖ ಮಾಡಿ ನೇತುಹಾಕುದು. ಅದು ನಮಗೆ ಕೇಳದ ಒಂದು ಶಬ್ದ ಬಿಡ್ತದೆ, ಶಬ್ದ ನೀರಿಗೆ ತಾಗಿ ವಾಪಸ್ ಬರ್ತದೆ, ಬರ್ಲಿಕ್ಕೆ ಎಷ್ಟು ಹೊತ್ತು ತಗೊಂಡಿತು ಅಂತ ನೋಡಿದ್ರೆ ನೀರು ಎಷ್ಟು ಮೇಲೆ ಬಂದಿದೆ ಅಂತ ಗೊತ್ತಾಗ್ತದೆ. ಗುಡ್ಡೆಯ ಮೇಲೆ ಮಳೆ ಮಾಪಕ ಇದ್ರೆ, ಮೇಲೆ ಇಷ್ಟು ಸುರಿದ್ರೆ ಕೆಳಗೆ ಎಷ್ಟು ನಿಮಿಷಕ್ಕೆ ನೀರು ಏರ್ತದೆ ಅಂತ ಒಂದೆರಡು ಮಳೆಗಾಲದಲ್ಲಿ ಲೆಕ್ಕ ಸಿಗ್ತದೆ. ಇದು ಕನಸಿನ ಮಾತಲ್ಲ, ಕರ್ನಾಟಕದಲ್ಲೇ ಉಂಟು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತ್ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದ್ದಾರೆ, ಬೆಂಗಳೂರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ರಾಜಕಾಲುವೆಯ ನೀರಿನ ಮಟ್ಟ ತೋರಿಸುವ ಮೇಘ ಸಂದೇಶ ಅಂತ ಆ್ಯಪ್ ಮಾಡಿದ್ದಾರೆ. ಘಟ್ಟದ ಮೇಲೆ ಆದದ್ದು ಘಟ್ಟದ ಕೆಳಗೆ ಆಗ್ಬೇಕು, ನಮಗೆ ಅವರಿಗಿಂತ ಜಾಸ್ತಿ ಬೇಕು.

ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಅಂತ ಇಂಥದ್ದೊಂದು ಮಾಡಿ ಒಂದು ಮೋರಿಯ ಅಡಿ ಇಟ್ಟಿದ್ರು. ಒಂದು ದಿನ ಒಳ್ಳೆ ಬಿಸಿಲು, ಫೋನಿನಲ್ಲಿ ಮಾತ್ರ ತೋಡು ತುಂಬಿ ಹರೀತಾ ಉಂಟು ಅಂತ ಮೆಸೇಜ್. ಹೋಗಿ ನೋಡಿದ್ರೆ ಸೆನ್ಸರಿನ ಬಾಯಿಗೆ ಸರಿಯಾಗಿ ಜೇಡ ಬಲೆ ಕಟ್ಟಿದೆ. ಇನ್ನೊಂದು ಸಲ ಉಪ್ಪು ಗಾಳಿಗೆ ಸ್ಕ್ರೂ ತುಕ್ಕು ಹಿಡಿದು ಪೆಟ್ಟಿಗೆ ವಾಲಿತು. ಏಪ್ರಿಲ್‌ನ ಸಿಡಿಲಿಗೆ ಒಂದು ಬೋರ್ಡ್ ಸುಟ್ಟೇ ಹೋಯಿತು. ಆಗ ನಮಗೆ ಗೊತ್ತಾದದ್ದು, ಹತ್ತಿರದ ಗೂಡಂಗಡಿಯ ಅಣ್ಣನಿಗೆ ವಾರಕ್ಕೊಮ್ಮೆ ಒರಸ್ಲಿಕ್ಕೆ ಹೇಳಿದ ಮೇಲೆಯೇ ಅದು ಸರಿಯಾಗಿ ನಡೆದದ್ದು. ಅವರು ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರಸ್ತಿದ್ರು. ಮೋರಿಗೆ ಕಸ ಸಿಕ್ಕಿದ್ದನ್ನು ಸೆನ್ಸರಿಗಿಂತ ಮೊದಲು ಫೋನ್ ಮಾಡಿ ಹೇಳಿದ್ದೂ ಅವರೇ. ಹಾಗಾಗಿ ನಾನು ಈಗ ಪ್ರತಿಯೊಂದು ಪ್ಲಾನಿನಲ್ಲಿ ಕೇಳ್ತೇನೆ, ಇದನ್ನು ಒರಸುವವರು ಯಾರು, ಅವರಿಗೆ ಸಂಬಳ ಎಷ್ಟು, ಅವರ ಫೋನ್ ಎತ್ತುವವರು ಯಾರು. ಮತ್ತೆ ಆ ಮಾಹಿತಿ ಕಂಟ್ರೋಲ್ ಸೆಂಟರಿನ ದೊಡ್ಡ ಸ್ಕ್ರೀನಿನಲ್ಲಿ ಮಾತ್ರ ಇದ್ರೆ ಸಾಲದು, ರಾತ್ರಿ ಎರಡು ಗಂಟೆಗೆ ತಗ್ಗಿನ ಮನೆಯ ಅಮ್ಮನ ಫೋನಿಗೆ ಕನ್ನಡದಲ್ಲಿ, ತುಳುವಿನಲ್ಲಿ ಬರ್ಬೇಕು, ಅಕ್ಕಿ ಮೂಟೆ ಮೇಲಿಡ್ಲಿಕ್ಕೆ ಅರ್ಧ ಗಂಟೆ ಸಿಕ್ಕಿದ್ರೂ ದೊಡ್ಡ ಉಪಕಾರ.

ಕಿಂಡಿಗೆ ಹಲಗೆ ಹಾಕಿ ಹೊಳೆಯ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟುಗಳ ವಿಷಯದಲ್ಲೂ ಹೀಗೆಯೇ. ಮಳೆ ಬಿಟ್ಟ ಮೇಲೆ ಹಲಗೆ ಹಾಕುದು ಎರಡು ವಾರ ತಡ ಆದ್ರೆ ಆ ಬೇಸಿಗೆಯ ನೀರು ಹೋಯಿತು, ಬೇಗ ಹಾಕಿದ್ರೆ ಹಿಂಗಾರಿನ ಒಂದು ಜೋರು ಮಳೆಗೆ ತೋಟಕ್ಕೆ ನೀರು ನುಗ್ಗುತ್ತದೆ. ಇವತ್ತು ಹಾಕಿ ಅಂತ ಹೇಳ್ಲಿಕ್ಕೆ ಹೊಳೆಯ ಹರಿವಿನ ಲೆಕ್ಕ ಬೇಕು. ಇಂಥ ಸಣ್ಣ ಕೆಲಸಕ್ಕೆ ತಂತ್ರಜ್ಞಾನ ಎಷ್ಟು ಚಂದ ಉಪಯೋಗ ಆಗ್ತದೆ ಗೊತ್ತುಂಟಾ.

ನೀರಿನಿಂದ ಸ್ವಲ್ಪ ಆಚೆ ಬರ್ತೇನೆ, ಆದ್ರೆ ತುಂಬಾ ಆಚೆ ಅಲ್ಲ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೋ ಶುರುವಾಯಿತು, ಬ್ಯಾಟರಿಯ ಬೋಟು, ಎಸಿ, ದ್ವೀಪದ ಜನರಿಗೆ ಪೇಟೆಗೆ ಬರುವ ದಾರಿ. ನಮ್ಮಲ್ಲೂ ಮಾಡುವ ಅಂತ ಮಾತು ಉಂಟು. ನೇತ್ರಾವತಿ, ಗುರುಪುರ ಎರಡೂ ಹೊಳೆ ಒಂದೇ ಅಳಿವೆಯಲ್ಲಿ ಸೇರುವ ಊರು ನಮ್ಮದು, ಮಾಡ್ಲೇಬೇಕು. ಆದ್ರೆ ಹೊಳೆಯ ಆಚೆ ದಡದ ಬೆಂಗ್ರೆಯವರು ದಿನಾ ಬಂದರಿಗೆ ಬರುದು ಈಗಲೂ ದೋಣಿಯಲ್ಲಿಯೇ, ಮಕ್ಕಳು, ಮೀನಿನ ಬುಟ್ಟಿ, ಬೈಕು ಎಲ್ಲ ಒಟ್ಟಿಗೆ. ವಾಟರ್ ಮೆಟ್ರೋದ ಮೊದಲ ಬೋಟು, ಒಳ್ಳೆಯ ಜೆಟ್ಟಿ, ಮಳೆಗೆ ನಿಲ್ಲುವ ಮಾಡು ಅವರಿಗೆ ಸಿಗ್ಬೇಕು, ಪ್ರವಾಸಿಗರಿಗೆ ಆಮೇಲೆ. ನಮ್ಮ ಸಿಟಿ ಬಸ್ಸು ಸಹ ನೋಡಿ, ಎರಡು ಮೂರು ನಿಮಿಷಕ್ಕೊಂದು ಬಸ್ಸು ಬರುವ ರೂಟು ಇರುವ ಊರುಗಳು ದೇಶದಲ್ಲಿ ಎಷ್ಟು ಇರಬಹುದು? ಅದನ್ನು ಉಳಿಸಿ, ಬಸ್ಸು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸಿ, ನಿಲ್ದಾಣದಲ್ಲಿ ನೆರಳು ಕೊಟ್ಟು, ನಿಧಾನಕ್ಕೆ ಬ್ಯಾಟರಿಗೆ ಬದಲಿಸಿದ್ರೆ ಸಾಕು.

ಕಸದ ಬಗ್ಗೆ ಒಂದೇ ಮಾತು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆ, ಅಡಿಕೆ ತೋಟ, ದೈವದ ಜಾಗಗಳ ಮೇಲೆ ಬಂತು. ಜನ ಮನೆ ಬಿಟ್ಟು ಹೋದ್ರು. ಅದು ಇಡೀ ಪೇಟೆಯ ಅಡಿಗೆ ಮನೆಯಿಂದ ಹೋದ ಕಸ, ನನ್ನ ಮನೆಯದ್ದೂ ಅದರಲ್ಲಿತ್ತು. ತೊಟ್ಟಿ ತುಂಬಿತು ಅಂತ ಹೇಳುವ ಸೆನ್ಸರ್ ಅದನ್ನು ತಪ್ಪಿಸ್ತಿರಲಿಲ್ಲ, ಹಸಿ ಕಸ ಬೇರೆ ಮಾಡಿ ಕೊಟ್ಟಿದ್ರೆ ತಪ್ಪಿಸಬಹುದಿತ್ತು. ಇಂದೋರಿನವರು ಹಾಗೆ ಬೇರೆ ಮಾಡಿದ್ದರಿಂದಲೇ 2022ರಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ಗ್ಯಾಸ್ ಮಾಡುವ ಘಟಕ ಶುರು ಮಾಡ್ಲಿಕ್ಕೆ ಆದದ್ದು. ಕುಂದಾಪುರದ ಕಡೆ ವಂಡ್ಸೆ ಪಂಚಾಯತ್‌ನವರು ಸಣ್ಣ ಪ್ರಮಾಣದಲ್ಲಿ ಮೊದಲೇ ಮಾಡಿ ತೋರಿಸಿದ್ದಾರೆ, ಹೋಗಿ ನೋಡಿ ಬನ್ನಿ.

ಈಗ ಹಿಂದಿನ ಸಾಲಿನಲ್ಲಿ ಕೂತ ಅಕ್ಕ ಒಂದು ಪ್ರಶ್ನೆ ಕೇಳಿದ್ರು, ದೊಡ್ಡದೆಲ್ಲ ಸರ್ಕಾರ ಮಾಡ್ಲಿ, ನಮ್ಮ ಐದು ಸೆಂಟ್ಸ್ ಜಾಗದಲ್ಲಿ ನಾವು ಎಂತ ಮಾಡುದು ಅಂತ. ಒಳ್ಳೇ ಪ್ರಶ್ನೆ. ಮೊದಲು ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ಅಡಿಗೆ ಕಾಂಕ್ರೀಟ್ ಹಾಕಿಸ್ಬೇಡಿ, ಮರಳಿನ ಮೇಲೆ ಕೂರಿಸಿ, ಸಂದಿನಿಂದ ನೀರು ಇಳೀಲಿ, ಒಂದು ಮೂಲೆ ಮಣ್ಣಾಗಿಯೇ ಇರಲಿ. ಮತ್ತೆ ನಾನು ಶುರುವಿಗೆ ಹೇಳಿದ ಶೀಟು. ನಾವು ಬೇರೆ ದಾರಿ ಇಲ್ಲದೆ ಹಾಕಿಸಿದ ಆ ಶೀಟು ಮಳೆ ನೀರು ಹಿಡಿಯಲಿಕ್ಕೆ ಭಾರೀ ಒಳ್ಳೇದು, ನುಣುಪು, ಇಳಿಜಾರು, ನೀರು ಹೀರುದಿಲ್ಲ. ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ, ಹಿಂದೆ ಅಡಿಕೆ ಮರದ್ದು, ಈಗ ಪಿವಿಸಿಯದ್ದು ಸಿಗ್ತದೆ. ಮೊದಲ ಎರಡು ಮೂರು ಮಳೆ ಹೊರಗೆ ಬಿಟ್ಟುಬಿಡಿ, ಧೂಳು, ಹಕ್ಕಿಯ ಹಿಕ್ಕೆ ತೊಳೆದು ಹೋಗಲಿ. ಮತ್ತೆ ಪೈಪಿನ ನೀರನ್ನು ಒಂದು ಡ್ರಮ್ಮಿಗೆ ಬಿಡಿ, ಅದರಲ್ಲಿ ಜಲ್ಲಿ, ಇದ್ದಿಲು, ಮರಳು, ಮೇಲೆ ಬಲೆ, ಅಲ್ಲಿಂದ ಬಾವಿಗೆ. ಅಂಗಳದ ನೀರನ್ನು ಮಾತ್ರ ನೇರ ಬಾವಿಗೆ ಬಿಡಬೇಡಿ. ಮರಳನ್ನು ವರ್ಷಕ್ಕೊಮ್ಮೆ ತೊಳೀಬೇಕು, ಅದನ್ನು ಮರೆತ್ರೆ ಆಗುದಿಲ್ಲ.

ನಮ್ಮ ಮನೆಯಲ್ಲಿ ಹೀಗೆ ಮಾಡಿದ ಮೊದಲ ವರ್ಷ ಬೇಸಿಗೆಗೆ ಏನೂ ವ್ಯತ್ಯಾಸ ಕಾಣಲಿಲ್ಲ, ನಾನು ಬೇಜಾರು ಮಾಡಿಕೊಂಡೆ. ಮುರಕಲ್ಲು ಅಲ್ವಾ, ನಮ್ಮ ಬಾವಿಗೆ ಬಿಟ್ಟ ನೀರು ಕೆಳಗಿನವರ ಬಾವಿಯ ಕಡೆ ಇಳಿದಿತ್ತು. ಕೆಳಗಿನ ಮನೆಯವರು ಬಂದು ನಮ್ಮ ಬಾವಿಯಲ್ಲಿ ಈ ಸಲ ನೀರು ಉಂಟು, ನೀವೆಂತ ಮಾಡಿದ್ರಿ ಅಂತ ಕೇಳಿದ್ರು, ನೋಡಿ ಅವರೂ ಮಾಡಿದ್ರು. ಮೇಲಿನ ಎರಡು ಮನೆಯವರಿಗೆ ನಾನೇ ಹೋಗಿ ಹೇಳಿ ಮಾಡಿಸಿದೆ. ಅಮ್ಮ ಪ್ರತಿ ವರ್ಷ ಮೇ ತಿಂಗಳಲ್ಲಿ ಬಾವಿಯ ಹಗ್ಗಕ್ಕೆ ಹಳೇ ಸೀರೆಯ ಒಂದು ತುಂಡು ಕಟ್ತಾರೆ, ಕೊಡಪಾನ ನೀರಿಗೆ ತಾಗುವಾಗ ಹಗ್ಗ ರಾಟೆಯಲ್ಲಿ ಎಲ್ಲಿಗೆ ಬಂದಿದೆಯೋ ಅಲ್ಲಿಗೆ. ಟ್ಯಾಂಕರ್ ತರಿಸಿದ ವರ್ಷದ ಕೆಂಪು ತುಂಡು ಇನ್ನೂ ಆ ಹಗ್ಗದಲ್ಲಿ ಉಂಟು. ಕಳೆದ ಮೇಯಲ್ಲಿ ಕೊಡಪಾನ ಇಳಿಸುವಾಗ ಆ ಕೆಂಪು ತುಂಡು ರಾಟೆಗೆ ಬರ್ಲಿಕ್ಕೆ ಇನ್ನೂ ಎರಡು ಮಾರು ಹಗ್ಗ ಕಟ್ಟೆಯ ಮೇಲೆಯೇ ಸುತ್ತಿಕೊಂಡು ಬಿದ್ದಿತ್ತು, ಕೆಳಗೆ ನೀರಿನ ಸದ್ದು ಕೇಳಿತು. ಅಮ್ಮ ಹಸಿರು ಬಟ್ಟೆ ತುಂಡು ಹುಡುಕ್ಲಿಕ್ಕೆ ಒಳಗೆ ಹೋದ್ರು.